ಕಣ್ಣು ಮುಚ್ಚಿ ಕ್ಯಾಮೆರಾ ಆರಿಸುವವರು

ಸಿಕಂದರಾಬಾದಿನಲ್ಲಿ ಹಳೆಯ ಕ್ಯಾಮೆರಾ ಮಾರುತ್ತಿದ್ದ ರಾಯಚೂರು ಕಡೆಯ ಅಂಗಡಿಯವರೊಬ್ಬರು ಕಣ್ಣು ತೆರೆದು ಕ್ಯಾಮ್‌ಕಾರ್ಡರ್ ಪರೀಕ್ಷಿಸಿದ್ದನ್ನು ನಾನು ಕಾಣೆ. ಒಂದು ನಿಮಿಷ ರಸ್ತೆಯನ್ನು ಶೂಟ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. “ಮೊದಲ ಕೇಳ್ರಿ, ಆಮ್ಯಾಲ ನೋಡ್ರಿ” ಎಂಬುದು ಅವರ ಮಂತ್ರ.

ನನ್ನ ಮೊದಲ ಕಿರುಚಿತ್ರ ಮಾಡುವ ಹುಮ್ಮಸ್ಸಿನಲ್ಲಿ ನಾನು ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೇ ಕೈ ಚಾಚಿದ್ದೆ. ಅವರು ಅದನ್ನು ಕಪಾಟಿಗೆ ಸೇರಿಸಿ, ಹೊರಗಿನ ಮೈಕ್ ಸಿಕ್ಕಿಸಲು ಬರುವ ಅಗ್ಗದ ಕ್ಯಾಮ್‌ಕಾರ್ಡರ್ ಕೈಗಿಟ್ಟರು.

“ಹೀರೋನ ಮಾರಿ ಮಬ್ಬಾದ್ರೂ ನಡೀತೈತ್ರಿ. ಮಾತು ಕೇಳಸಲಿಲ್ಲಂದ್ರ ಮಂದಿ ಎದ್ದು ಹೋಗ್ತಾರ.”

ಚಿತ್ರ ಮುಗಿದ ಮೇಲೆ ಕೊಂಡಾಪುರದ ನನ್ನ ಮನೆಯಲ್ಲಿ ಗೆಳೆಯರಿಗೆ ತೋರಿಸಿದೆ; ಆ ಅಂಗಡಿಯವರನ್ನೂ ಕರೆದಿದ್ದೆ. ನೋಡುವವರ ಮುಖಭಾವ ಹಿಡಿಯಲೆಂದು ಅದೇ ಕ್ಯಾಮ್‌ಕಾರ್ಡರನ್ನು ಅವರ ಪಕ್ಕದ ಮೇಜಿನ ಮೇಲೆ ಚಾಲೂ ಮಾಡಿಟ್ಟೆ. ಚಿತ್ರ ಶುರುವಾದದ್ದೇ ತಡ, ಅವರು ಕಣ್ಣು ಮುಚ್ಚಿದರು. ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆಂದು ನಾನು ಉಬ್ಬಿಹೋದೆ.

ಮರುದಿನ ಆ ರೆಕಾರ್ಡಿಂಗ್ ಹಾಕಿದರೆ, ನನ್ನ ನಾಯಕನ ಮಾತಿಗಿಂತ ಅವರ ಗೊರಕೆಯೇ ಜೋರಾಗಿತ್ತು! ಸಿಟ್ಟಿನಲ್ಲಿ ಅಂಗಡಿಗೆ ಒಯ್ದು ಕೇಳಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಮ್ಮ ಗೊರಕೆಯನ್ನು ಕೊನೆಯವರೆಗೂ ಕೇಳಿದರು.

“ಆವಾಜ್ ಎಷ್ಟು ಸಾಫ್ ಬಂದೈತಿ ನೋಡ್ರಿ! ನಾ ಹೇಳಿದ್ದನ್ನ ತಗೊಂಡ್ರಿ, ಭಾಳ ಛಲೋ ಆತು.”