ಹಕಾರದ ಪಾಡು

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಹುಲ್ಲಹಳ್ಳಿ ಕಡೆಯ ಬಸ್ಸಿಗೆ ಕಾಯುತ್ತ ನಿಲ್ಲುವುದು ನನ್ನ ನಿತ್ಯಕರ್ಮ. ಕಾಯುವವರಿಗೆ ಓದಲು ಬೇರೇನೂ ಇಲ್ಲದಿದ್ದರೆ ಬೋರ್ಡು ಓದುತ್ತಾರೆ. ಒಂದು ಬಸ್ಸಿನ ಹಣೆಯ ಮೇಲೆ ‘ಎಚ್.ಡಿ. ಕೋಟೆ’ ಎಂದಿರುತ್ತದೆ, ಅದರ ಹಿಂದೆಯೇ ಬಂದು ನಿಂತದ್ದರ ಮೇಲೆ ‘ಹೆಚ್.ಡಿ. ಕೋಟೆ’ ಎಂದಿರುತ್ತದೆ. ಎರಡೂ ಹೋಗುವುದು ಒಂದೇ ಊರಿಗೆ, ಎರಡರಲ್ಲೂ ನನಗೆ ಸೀಟು ಸಿಗುವುದಿಲ್ಲ. ಇಂಗ್ಲಿಷಿನ ಆ ಒಂದು ಅಕ್ಷರದ ಹೆಸರಿನಲ್ಲೇ ಹಕಾರ ಇದೆಯೋ ಇಲ್ಲವೋ ಎಂದು ಬೋರ್ಡು ಬರೆಯುವವರಿಗೇ ತೀರ್ಮಾನವಾಗಿಲ್ಲ ಎಂದಮೇಲೆ, ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಪಾಡೇನು ಹೇಳಿ.

ನಮ್ಮ ಸೀಮೆಯ ಬಾಯಿಗೂ ಹಕಾರಕ್ಕೂ ಮೊದಲಿನಿಂದ ಆಗಿಬರುವುದಿಲ್ಲ. ಹಳ್ಳಿ ನಮಗೆ ಅಳ್ಳಿ, ಹಾಲು ಆಲು, ಹೋಗುವುದು ಓಗುವುದು. ನಾನೇನು ಮೇಲಿನಿಂದ ಇಳಿದುಬಂದವಳಲ್ಲ. ಬನ್ನೂರು ಪಕ್ಕದ ಕಬ್ಬಿನ ಗದ್ದೆಗಳ ನಡುವೆ ಇದೇ ಮಾತಾಡಿಕೊಂಡು ಬೆಳೆದವಳು. ಮೈಸೂರಿನಲ್ಲಿ ಟಿ.ಸಿ.ಎಚ್. ಓದುವಾಗ (ನೋಡಿ, ಅಲ್ಲೂ ಎಚ್ಚೇ) ಹಾಸ್ಟೆಲಿನ ಹುಡುಗಿಯರ ನಗುವಿಗೆ ಹೆದರಿ ಬಾಯಿ ತಿದ್ದಿಕೊಂಡೆ. ಈಗಲೂ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದರೆ, ಹಕಾರವನ್ನು ಚಪ್ಪಲಿಯ ಹಾಗೆ ಹೊಸಿಲಾಚೆ ಬಿಟ್ಟೇ ಒಳಗೆ ಹೋಗುವುದು. “ಏನಕ್ಕ, ಊಟಾಯ್ತಾ? ಬಾವ ಗದ್ದೆ ತಾವ್ಕೆ ಓದ್ರಾ?” ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಅದನ್ನು ಮತ್ತೆ ಮೆಟ್ಟಿಕೊಳ್ಳಬೇಕು. ಐವತ್ತು ದಾಟಿದ ಮೇಲೆ ಈ ಹಾಕುವುದು ಬಿಡುವುದು ಎರಡೂ ಸಾಕುಸಾಕಾಗಿದೆ.

ಇಂಥವಳ ಕೈಗೆ ಇಂಗ್ಲಿಷ್ ಬಂದು ಬಿದ್ದಿದೆ. ನಮ್ಮದು ಕಾಲುವೆ ಪಕ್ಕದ ಸಣ್ಣ ಶಾಲೆ. ಹೆಡ್‌ಮಾಸ್ಟರು ಮತ್ತು ನಾನು, ಇಬ್ಬರೇ. ಅವರಿಗೆ ಮೀಟಿಂಗು, ನನಗೆ ಮಿಕ್ಕಿದ್ದೆಲ್ಲ. ಹಾಜರಿಯನ್ನು ಮೊಬೈಲಿಗೆ ಹಾಕಬೇಕು, ನೆಟ್ ಸಿಗದಿದ್ದರೆ ನೀರಿನ ಟ್ಯಾಂಕಿನ ಪಕ್ಕ ಹೋಗಿ ಕೈ ಮೇಲೆತ್ತಿ ನಿಲ್ಲಬೇಕು. ಮೊಟ್ಟೆ ತಿನ್ನುವವರು ಯಾರು, ಬಾಳೆಹಣ್ಣೇ ಸಾಕೆನ್ನುವವರು ಯಾರು ವಿಚಾರಿಸಬೇಕು. ಇದೆಲ್ಲ ಮುಗಿಸಿ, ಚಾಕ್‌ಪೀಸು ಹಿಡಿದು, ಕೈ ತೋರಿಸಿ ‘ದಿಸ್ ಈಸ್ ಮೈ ಹ್ಯಾಂಡ್’ ಅಂದರೆ, ಮಕ್ಕಳು ಒಂದೇ ದನಿಯಲ್ಲಿ ‘ದಿಸ್ ಈಸ್ ಮೈ ಅಂಡ್’ ಅನ್ನುತ್ತವೆ. ಅಂದ ಮರುಕ್ಷಣ ತಾವು ಅಂದದ್ದೇನೆಂದು ಅವಕ್ಕೇ ಹೊಳೆದು, ಒಂದರ ಮೇಲೊಂದು ಬಿದ್ದು ನಗುತ್ತವೆ. ಕೈ ತೋರಿಸಬೇಕಾದವರು ಕೂತ ಭಾಗವನ್ನೇ ತಟ್ಟಿಕೊಳ್ಳುತ್ತಾರೆ. ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರು ಬಂದು “ಏನು ಮೇಡಂ ಗಲಾಟೆ?” ಅಂದರೆ ನಾನು ಏನಂತ ಹೇಳಲಿ? ಊಟದ ಹೊತ್ತಿಗೆ ‘ಐ ಆಮ್ ಹಂಗ್ರಿ’ ಎನ್ನಿ ಎಂದರೆ ‘ಐ ಆಮ್ ಆಂಗ್ರಿ’ ಎನ್ನುತ್ತಾರೆ. ಅದನ್ನು ಮಾತ್ರ ತಿದ್ದಲು ಹೋಗುವುದಿಲ್ಲ. ಆ ಹೊತ್ತಿಗೆ ನನಗೂ ಹಸಿವು, ಸಿಟ್ಟು ಎರಡೂ ಆಗಿರುತ್ತವೆ.

ಬೇಸರವಾದಾಗ ನನಗೆ ನಾನೇ ಹೇಳಿಕೊಳ್ಳುವ ಸಮಾಧಾನ ಒಂದಿದೆ. ಹಳಗನ್ನಡದಲ್ಲಿ ಹಳ್ಳಿ ಎಂಬುದು ಪಳ್ಳಿ, ಹಾಲು ಪಾಲ್, ಹುಲಿ ಪುಲಿ. ಎರಡು ತುಟಿಗಳನ್ನೂ ಕೂಡಿಸಿ ಪಕಾರ ಹೇಳುವುದು ಕಾಲಾಂತರದಲ್ಲಿ ಯಾರಿಗೋ ಸಾಕಾಗಿರಬೇಕು. ತುಟಿಯ ಕೆಲಸ ಬಿಟ್ಟು ಗಂಟಲಲ್ಲೇ ಸಾಗಿಸಿದರು, ಪಳ್ಳಿ ಹಳ್ಳಿಯಾಯಿತು. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗಂಟಲಿಗೂ ರಜೆ ಕೊಟ್ಟರು, ಹಳ್ಳಿ ಅಳ್ಳಿಯಾಯಿತು. ಅಂದಮೇಲೆ ನಮ್ಮ ಮಕ್ಕಳು ತಪ್ಪು ಮಾತಾಡುತ್ತಿಲ್ಲ, ಕನ್ನಡ ನಾಳೆ ತಲುಪುವ ಜಾಗದಲ್ಲಿ ಇವತ್ತೇ ಹೋಗಿ ಕೂತಿವೆ. ಒಮ್ಮೆ ತರಬೇತಿಯ ಚಹಾದ ಹೊತ್ತಿನಲ್ಲಿ ಇದನ್ನು ಹುರುಪಿನಿಂದ ಹೇಳಿದೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರೊಬ್ಬರು ಬಿಸ್ಕತ್ತು ಅದ್ದುತ್ತ, “ಪಾಠ ಮಾಡದೆ ಇರೋದಕ್ಕೆ ಥಿಯರಿ ಚೆನ್ನಾಗಿದೆ ಮೇಡಂ” ಅಂದರು.

ಆದರೂ ಕಲಿಸಿದೆ. ಬೆಂಚಿನ ಮೇಲೆ ಕಾಗದದ ಚೂರು ಇಟ್ಟು, ‘ಹೌಸ್’ ಅಂದಾಗ ಅದು ಹಾರಬೇಕು, ‘ಹೆನ್’ ಅಂದಾಗ ಹಾರಬೇಕು ಎಂದು ಪಟ್ಟು ಹಿಡಿದೆ. ಮೊದಮೊದಲು ಕಾಗದ ಅಲ್ಲಾಡಲಿಲ್ಲ. ಆಮೇಲೆ ಹಕಾರ ಬಂತು ನೋಡಿ, ಕಾಲುವೆಗೆ ನೀರು ಬಿಟ್ಟ ಹಾಗೆ, ಬೇಕಾದ ಗದ್ದೆಗೂ ಬೇಡದ ಗದ್ದೆಗೂ ಒಂದೇ ಸಲ ನುಗ್ಗಿತು. ಆಪಲ್ ಹ್ಯಾಪಲ್ ಆಯಿತು, ಎಲಿಫೆಂಟ್ ಹೆಲಿಫೆಂಟ್ ಆಯಿತು. ಮೊಟ್ಟೆಯ ದಿನ ತಟ್ಟೆ ಹಿಡಿದು ಸಾಲಾಗಿ ನಿಂತು “ಹೆಗ್ಗು ಕೊಡಿ ಮಿಸ್” ಎಂದವು. ಒಂದು ಮಗುವಿನ ಅಜ್ಜಿ ಗೇಟಿನ ಹತ್ತಿರ ನನ್ನನ್ನು ಅಡ್ಡಹಾಕಿ, “ಏನ್ ಮಿಸ್ಸೇ, ನಮ್ಮುಡ್ಗ ನನ್ನ ಹಜ್ಜಿ ಹಜ್ಜಿ ಅಂತಾನೆ, ಬಯ್ಯದೇನೋ ಅಂದ್ಕಂಡೆ” ಎಂದು ದೂರು ಹೇಳಿದಳು. ಆ ಮುದುಕಿ ಮೊಮ್ಮಗನನ್ನು ಅಣಕಿಸುವಾಗ ಅವಳ ಬಾಯಲ್ಲೂ ಹಕಾರ ಸರಾಗವಾಗಿ ಬಂದದ್ದನ್ನು ನಾನು ಗಮನಿಸಿದೆ, ಹೇಳುವ ಧೈರ್ಯವಾಗಲಿಲ್ಲ.

ಈ ಗಲಾಟೆಯಲ್ಲಿ ಬಾಯಿಯ ಜೊತೆ ತಲೆಯನ್ನೂ ಓಡಿಸಿದವಳು ನಾಲ್ಕನೇ ಕ್ಲಾಸಿನ ಹರ್ಷಿತ. ‘ಆನೆಸ್ಟ್’ ಎಂಬ ಪದಕ್ಕೆ ಎಚ್ ಬರೆಯುತ್ತಾರೆ ಆದರೆ ಹೇಳುವುದಿಲ್ಲ, ಗಂಟೆ ಎನ್ನುವ ‘ಅವರ್’ಗೂ ಹಾಗೆಯೇ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ ದಿನ ಅವಳು ಎದ್ದು ನಿಂತು, “ಅಂಗಾರೆ ಇಂಗ್ಲೀಸ್‌ನೋರೂ ನಮ್ಮಳ್ಳಿಯೋರಂಗೇಯ ಮಿಸ್!” ಅಂದಳು. ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ನನ್ನ ಕ್ಲಾಸಿನಲ್ಲಿ ಯಾರೂ ಆಡಿರಲಿಲ್ಲ, ನಾನೂ ಸೇರಿದಂತೆ. ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಹರ್ಷಿತಳ ತಾಯಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಕಾಗದಪತ್ರದಲ್ಲಿ ಮಹದೇವಿ, ಊರಿಗೆಲ್ಲ ಮಾದೇವಿ. ಅವಳ ಹೆಸರಿನ ನಡುವೆ ಇದ್ದ ಹಕಾರವನ್ನೂ ಊರು ನುಂಗಿಹಾಕಿದೆ. ಒಂದು ಮಧ್ಯಾಹ್ನ ಸಾಂಬಾರಿನ ಸೌಟು ಕೈಯಲ್ಲಿ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

“ಮಿಸ್, ಅರ್ಸೀನ ಬರೋ ವರ್ಸ ಟೌನಿನ ಇಂಗ್ಲೀಸ್ ಮೀಡಿಯಂಗೆ ಆಕ್ಬೇಕು ಅಂತಿವ್ನಿ. ಅಲ್ಲಿ ಮಗೀನ ಕೂರುಸ್ಕಂಡು ಏನೇನೋ ಕೇಳ್ತಾರಂತೆ. ಒಸಿ ನೀವೇ ತಯಾರ್ ಮಾಡ್ಬುಡಿ.”

ನನ್ನ ಕ್ಲಾಸಿನಿಂದ ಮಗುವನ್ನು ಬಿಡಿಸಿಕೊಂಡು ಹೋಗುವುದಕ್ಕೆ ನನ್ನನ್ನೇ ಸಹಾಯ ಕೇಳುತ್ತಿದ್ದಾಳೆ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಸ್ವಲ್ಪ ಕಸುವು ಬೇಕು. ಸಂಕಟ ಮಾತ್ರ ಆಯಿತು. ಮಕ್ಕಳು ಕಡಿಮೆಯಾದ ಶಾಲೆಯಲ್ಲಿ ಮಿಕ್ಕ ಮೇಷ್ಟ್ರುಗಳಿಗೆ ‘ಹೆಚ್ಚುವರಿ’ ಎಂಬ ಹೆಸರಿದೆ. ಅಲ್ಲೂ ನೋಡಿ, ಹಕಾರವೇ ಮುಂದೆ ನಿಂತು ಕಾಯುತ್ತಿದೆ. ಹೆಚ್ಚುವರಿಯಾದವಳನ್ನು ಎತ್ತಿ ಎಲ್ಲಿಗೆ ಬೇಕಾದರೂ ಹಾಕಬಹುದು. ಆದರೆ ನನ್ನ ಸಂಕಟ ಅದಕ್ಕಲ್ಲ. ಹರ್ಷಿತ ಹೋದರೆ ನಾಳೆಯಿಂದ ಯಾರ ಮುಖ ನೋಡಿಕೊಂಡು ಪಾಠ ಮಾಡಲಿ? ಎಲ್ಲ ಮಕ್ಕಳೂ ಒಂದೇ ಎಂದು ತರಬೇತಿಯಲ್ಲಿ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಕ್ಲಾಸಿಗೆ ಹೋದರೆ ಕಣ್ಣು ತಾನಾಗಿ ಒಂದು ಮುಖ ಹುಡುಕುತ್ತದೆ.

“ನಮ್ಮಲ್ಲೇ ಚೆನ್ನಾಗಿ ಓದ್ತಾಳಲ್ಲ ಮಾದೇವಿ?” ಎಂದೆ.

“ಓದ್ತಾಳೆ ಮಿಸ್. ನೀವ್ ಇರಗಂಟ ಓದ್ತಾಳೆ. ನಾಳೀಕೆ ನಿಮ್ಗೆ ಟ್ರಾನ್ಸ್‌ಫರ್ ಆದ್ರೆ? ನಾನಂತೂ ಸೌಟು ಇಡ್ಕಂಡೆ. ಅವ್ಳ್ ಕೈಗೆ ಇದು ಬರಬಾರ್ದು.”

ನನ್ನ ಮಗನೇ ನಂಜನಗೂಡಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿದವನು. ಆಯಿತು, ಸಂಜೆ ಬಸ್ಸು ಬರುವ ತನಕ ಕೂರಿಸಿಕೊಳ್ಳುತ್ತೇನೆ ಎಂದೆ.

ಜಗಲಿಯ ಮೇಲೆ ನಮ್ಮ ಅಭ್ಯಾಸ ಶುರುವಾಯಿತು. ಇಷ್ಟು ದಿನ ಹಕಾರ ಹಾಕಿಸುವುದು ನನ್ನ ಕೆಲಸವಾಗಿತ್ತು, ಈಗ ತೆಗೆಸುವುದು. ಕಳೆ ಕೀಳುವಾಗ ಪೈರೂ ಬರುವ ಹಾಗೆ, ‘ಹ್ಯಾಪಲ್’ನಿಂದ ತೆಗೆದರೆ ‘ಹೌಸ್’ನಿಂದಲೂ ಹೋಗುತ್ತಿತ್ತು. ಹರ್ಷಿತ ಕಣ್ಣು ಮುಚ್ಚಿ, ಪದವನ್ನು ಬಾಯೊಳಗೆ ಒಂದು ಸುತ್ತು ಹಾಕಿ, ಆಮೇಲೆ ಹೊರಗೆ ಬಿಡುತ್ತಿದ್ದಳು. ನಾನು ಬಿಟ್ಟುಕೊಡಬೇಕಾದ ಮಗುವನ್ನು ದಿನದಿನವೂ ಚೆನ್ನಾಗಿ ತಯಾರು ಮಾಡುತ್ತಿದ್ದೆ, ಬೇಕೆಂದೇ ಕೆಟ್ಟದಾಗಿ ಕಲಿಸುವುದಕ್ಕೂ ನನಗೆ ಬರುವುದಿಲ್ಲ.

ಟೌನಿನ ಶಾಲೆಯವರು ಕರೆದ ಶನಿವಾರ ಮಧ್ಯಾಹ್ನ ನಾನೂ ಜೊತೆಗೆ ಹೋಗಬೇಕಾಯಿತು. “ಅಲ್ಲಿ ನಂಗೆ ಮಾತೇ ಒರಡಾಕಿಲ್ಲ ಮಿಸ್” ಎಂದು ಮಾದೇವಿ ಬಿಡಲಿಲ್ಲ. ಮದುವೆಮನೆಗೆ ಉಡುವ ಸೀರೆ ಉಟ್ಟುಕೊಂಡು ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಅಲ್ಲಿನ ಮೇಡಂ ಒಳ್ಳೆಯವರು, ಮಗುವಿಗೆ ಚಾಕೊಲೇಟು ಕೊಟ್ಟು ಹೆಸರು ಕೇಳಿದರು. “ಮೈ ನೇಮ್ ಈಸ್ ಹರ್ಷಿತ,” ಅಚ್ಚುಕಟ್ಟಾಗಿ ಬಂತು. ಛತ್ರಿಯ ಚಿತ್ರ ತೋರಿಸಿದರು. ಹುಡುಗಿ ಕಣ್ಣು ಮುಚ್ಚಿ ಬಾಯೊಳಗೆ ಸುತ್ತು ಹಾಕಿ, “ಅಂಬ್ರೆಲಾ” ಅಂದಳು. ನಾನು ಸೆರಗು ಬಿಗಿ ಹಿಡಿದಿದ್ದೆ. ಮುಂದಿನದು ಮೊಟ್ಟೆ. ವರ್ಷವೆಲ್ಲ ತಟ್ಟೆ ಹಿಡಿದು ಕೂಗಿದ ಪದ, ಯೋಚಿಸಲಿಕ್ಕೇ ನಿಲ್ಲಲಿಲ್ಲ. “ಹೆಗ್!”

ಮೇಡಂ ನಕ್ಕರು. “ಎಚ್ ಒಂಚೂರು ಜಾಸ್ತಿಯಾಯ್ತು. ಪರವಾಗಿಲ್ಲ, ಜಾಸ್ತಿ ಇದ್ರೆ ತೆಗೀಬಹುದು, ಕಮ್ಮಿ ಇದ್ರೇನೇ ಕಷ್ಟ” ಎಂದು ಪೆನ್ನು ತೆಗೆದರು. ಸೀಟು ಸಿಕ್ಕಿತು ಎಂದು ಅರ್ಥವಾಯಿತು. ಬರೆದುಕೊಳ್ಳಲು ಮಾದೇವಿಯ ಕಡೆ ತಿರುಗಿ, “ಮಗು ಹೆಸರು ಹೇಳಮ್ಮ” ಅಂದರು.

“ಅರ್ಸಿತ,” ಎಂದಳು ಮಾದೇವಿ.

“ಅರ್ಚಿತಾನಾ?”

“ಅಲ್ಲ ಮೇಡಮ್ಮೋರೆ, ಅರ್ಸಿತ.”

“ಹರ್ಷಿತ,” ಎಂದು ಹುಡುಗಿ ಮೆಲ್ಲಗೆ ತಿದ್ದಿದಳು. ಅಮ್ಮನ ಕಡೆ ನೋಡಲಿಲ್ಲ, ಚಾಕೊಲೇಟಿನ ಕಾಗದವನ್ನು ಮಡಿಸುತ್ತಿದ್ದಳು.

ಜೂನಿನಲ್ಲಿ ಅವಳು ಹಳದಿ ವ್ಯಾನು ಹತ್ತಿದಳು. ನನ್ನ ಪಾಠ ನಡೆಯುತ್ತಲೇ ಇದೆ. ಹೊಸ ಮಕ್ಕಳು ಹೊಸದಾಗಿ ಅಂಡು ತಟ್ಟಿಕೊಂಡು ನಗುತ್ತವೆ. ನನಗೆ ಮೊದಲಿನಷ್ಟು ನಗು ಬರುವುದಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಸಂಜೆ ಬ್ಯಾಗು ಹೆಗಲಿಗೆ ಹಾಕಿ ಹೊರಟಿದ್ದೆ. ಅಡುಗೆಕೋಣೆಯ ಹಿಂದಿನ ನಲ್ಲಿಯ ಹತ್ತಿರ ಮಾದೇವಿ ದೊಡ್ಡ ಪಾತ್ರೆ ಉಜ್ಜುತ್ತಿದ್ದವಳು ಕರೆದಳು.

“ಮಿಸ್, ಐಕ್ಳಿಗೆ ಯೋಳ್ಕೊಡ್ತೀರಲ್ಲ, ಆ ಅಕ್ಸರ ನಂಗೂ ಒಸಿ ಯೋಳ್ಕೊಡಿ.”

“ಯಾವ ಅಕ್ಷರ?”

“ಅದೇ ಕನಾ ಮಿಸ್, ಅರ್ಸಿ ಎಸ್ರಲ್ಲಿ ಮುಂದ್ಗಡೆ ಬತ್ತದಲ್ಲ, ಅದು.”

ಬಸ್ಸಿನ ಹೊತ್ತಾಗಿತ್ತು. ನಿಂತಲ್ಲೇ ನನ್ನ ಪಳ್ಳಿ, ಹಳ್ಳಿ, ಅಳ್ಳಿಯ ಕಥೆ ತೆಗೆದೆ. ನಿನ್ನ ಮಾತಿನಲ್ಲಿ ತಪ್ಪೇ ಇಲ್ಲ ಮಾದೇವಿ, ನೀನು ತಿದ್ದಿಕೊಳ್ಳಬೇಕಾದ್ದೇನಿಲ್ಲ ಎಂದೆ. ಅವಳು ಉಜ್ಜುತ್ತಲೇ ಕೇಳಿಸಿಕೊಂಡಳು.

“ಅದೆಲ್ಲ ಇರ್ಲಿ ಮಿಸ್. ನೆನ್ನೆ ವ್ಯಾನ್ ತಾವ ‘ಅರ್ಸೀ’ ಅಂತ ಕೂಗ್ದೆ. ಅವ್ಳ ಜೊತ್ಗಾರ್ತೀರು ನಕ್ಬುಟ್ರು. ಇವ್ಳು ತಿರುಗ್ನೇ ಇಲ್ಲ. ಕೇಳ್ಸ್ನಿಲ್ವೇನೋ ಅಂದ್ಕಂಡೆ.” ಕೈ ನಿಂತಿತು. “ಕೇಳುಸ್ತು ಮಿಸ್. ಕೇಳುಸ್ತು.”

ಆ ಹುಡುಗಿಯ ಮೇಲೆ ಕೋಪ ಬಂತು. ಅಷ್ಟರಲ್ಲೇ, ಹಾಸ್ಟೆಲಿನಲ್ಲಿ ನನ್ನನ್ನು ನೋಡಲು ಬಂದ ಅವ್ವ ಬಾಯಿ ತೆರೆದರೆ ನನಗೂ ಮೈಯೆಲ್ಲ ಮುದುಡುತ್ತಿದ್ದದ್ದು ನೆನಪಾಗಿ, ಕೋಪ ನಿಲ್ಲಲಿಲ್ಲ. ದುಃಖವಾಯಿತು, ಅಷ್ಟೇ. ಬ್ಯಾಗು ಇಳಿಸಿ ಕಲ್ಲಿನ ಮೇಲೆ ಕೂತೆ. ಬಸ್ಸು ಹೋದರೆ ಇನ್ನೊಂದು ಬರುತ್ತದೆ.

“ಹ ಅನ್ನು.”

“ಅ.”

“ಗಂಟಲಿಂದ ಗಾಳಿ ಬಿಟ್ಟು, ಹ.”

“ಅ.”

ಎಷ್ಟು ಹೇಳಿಸಿದರೂ ಅದೇ. ಕೊರಳ ನರ ಉಬ್ಬಿದವೇ ಹೊರತು ಅಕ್ಷರ ಬರಲಿಲ್ಲ. “ಓಗ್ಲಿ ಬುಡಿ ಮಿಸ್, ನನ್ ಬಾಯ್ಗೆ ಬರಾಕಿಲ್ಲ ಅದು” ಎಂದು ತೊಳೆದ ಪಾತ್ರೆಯನ್ನು ಎತ್ತಿ ಬೋರಲು ಹಾಕಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಗೋಡೆಗೆ ಒರಗಿ ಕುಸಿದು ಕೂತಳು. “ಹಾ... ಸಿವನೇ.”

“ಬಂತು!” ಎಂದು ಕೂಗಿದೆ.

“ಏನ್ ಬತ್ತು?”

“ಈಗ ಉಸ್ಸೆಂದು ಕೂತಾಗ ಬಂತಲ್ಲ, ಅದೇ ಕಣಮ್ಮ, ಅದೇ!”

ನಂಬದೆ ಇನ್ನೊಮ್ಮೆ ಉಸಿರು ಬಿಟ್ಟಳು. “ಹಾ...” ಬಂತು. ದಿನವೆಲ್ಲ ಬಗ್ಗಿ ಎದ್ದ ಹೆಂಗಸು, ದಿನವೂ ಈ ಹೊತ್ತಿಗೆ ಇದನ್ನು ಹೇಳುತ್ತಲೇ ಇದ್ದಿರಬೇಕು. ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತು, ರಸ್ತೆಯ ಕಡೆ ನೋಡುತ್ತ, “ಹಾ... ಹರ್ಸಿತ” ಅಂದಳು. ಮಗಳು ಹುಟ್ಟಿದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಹಾಗೆ ಬಂದದ್ದು ಅದೇ ಮೊದಲು.

“ಈಗ ಕೂಗುದ್ರೆ ತಿರುಗ್ತಾಳಾ ಮಿಸ್?”

“ತಿರುಗ್ತಾಳೆ,” ಎಂದೆ. ಷಕಾರದ ಜಾಗದಲ್ಲಿ ಇನ್ನೂ ಸಕಾರವೇ ಕೂತಿತ್ತು. ಅದನ್ನು ನಾನು ಹೇಳಲಿಲ್ಲ.