ಅವ್ವನ ಸೀರೆಯ ಪೆನ್ನು

ಮೊನ್ನೆ ಬುಕ್ಕಸಾಗರದ ಹೊಳೆದಂಡೆಯಲ್ಲಿ ಒಬ್ಬ ತೂತು ಬಿದ್ದ ಹರಿಗೋಲಿಗೆ ತೇಪೆ ಹಚ್ಚಿ ರೆಸಿನ್ ಎಂಬ ಅಂಟು ಬಳಿಯುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪೆನ್ನಿನ ಮೇಸ್ತ್ರಿ ನೆನಪಾದ. ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಬದುಕಿದ್ದಾಗ ಪೂರ್ತಿ ತೀರಿಸಿಕೊಳ್ಳಲು ಆಗಲಿಲ್ಲ, ಏನು ಮಾಡಲಿ? ಎದುರಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದೆ. ಈಗ ಹಚ್ಚುವುದಿಲ್ಲ.

ನಾನು ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ತರುತ್ತಿದ್ದವಳು. ಬುಟ್ಟಿ ಹೊತ್ತು ಕಂಪ್ಲಿ, ಎಮ್ಮಿಗನೂರು, ಸಂಡೂರು ಎಲ್ಲ ತಿರುಗಿದ್ದೇನೆ. ತಂದ ಬಟ್ಟೆಯಲ್ಲಿ ಒಳ್ಳೆಯದನ್ನು ಮೊದಲು ಹೊಸಪೇಟೆಯ ಮೇಸ್ತ್ರಿಯ ಅಂಗಡಿಗೆ ಒಯ್ಯುತ್ತಿದ್ದೆ. ಅವನು ಬಟ್ಟೆಯಿಂದ ಇಂಕ್ ಪೆನ್ನು ಮಾಡುತ್ತಿದ್ದ. ಹೇಳಿದರೆ ಮಂದಿ ನಂಬುತ್ತಿರಲಿಲ್ಲ. ಬಟ್ಟೆಯನ್ನು ಗೇಣುದ್ದ ಕತ್ತರಿಸಿ, ರೆಸಿನ್ನಿನಲ್ಲಿ ಅದ್ದಿ, ಒಂದರ ಮೇಲೊಂದು ಪೇರಿಸಿ, ಕಬ್ಬಿಣದ ಹಲಗೆಗಳ ನಡುವೆ ಬಿಗಿದಿಡುತ್ತಿದ್ದ. ಮರುದಿನಕ್ಕೆ ಅದು ಕಟ್ಟಿಗೆಯಷ್ಟು ಗಟ್ಟಿ. ಅದನ್ನು ಕೊಯ್ದು ತಿರುಗುವ ಲೇತಿಗೆ ಕೊಟ್ಟು ಕಡೆದರೆ ಪದರ ಪದರವಾಗಿ ಬಣ್ಣ ಏಳುತ್ತಿತ್ತು. ಸಂಡೂರಿನ ಗಣಿಯವರ ಖಾಕಿ ಅಂಗಿ ಎಂದರೆ ಅವನಿಗೆ ಜೀವ. ಎಷ್ಟು ಒಗೆದರೂ ಹೋಗದ ಅದಿರಿನ ಕೆಂಪು ಪೆನ್ನಿನಲ್ಲಿ ಹಾಗೇ ಉಳಿಯುತ್ತಿತ್ತು.

ಅವನಿಗೆ ಬೇಕಾದದ್ದು ಉಟ್ಟು ಉಟ್ಟು ಸವೆದ ನೂಲಿನ ಬಟ್ಟೆ. ಗಂಜಿ ಇದ್ದ ಹೊಸ ಬಟ್ಟೆ ರೆಸಿನ್ ಕುಡಿಯುವುದಿಲ್ಲ. ಯಾವುದು ನೂಲು, ಯಾವುದು ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಎಂದು ನಾನು ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿ ಹೇಳುತ್ತಿದ್ದೆ. ಒಮ್ಮೆ ನನ್ನ ಮಾತು ಕೇಳದೆ ಟೆರಿಕಾಟ್ ಪಂಚೆ ಸೇರಿಸಿದ. ಲೇತಿಗೆ ಹಾಕಿದ್ದೇ ಹಪ್ಪಳದ ಹಾಗೆ ಪದರ ಎದ್ದು ಬಂತು.

“ನಿನ್ನ ಬೆರಳು ಸುಳ್ಳು ಹೇಳಂಗಿಲ್ಲ ಬಿಡಬೇ,” ಎಂದು ನಕ್ಕಿದ್ದ.

ನಮ್ಮವ್ವ ಸತ್ತ ಮೇಲೆ ಅವಳದೊಂದು ಅರ್ಧ ಸೀರೆ ನನ್ನ ಹತ್ತಿರ ಉಳಿದಿತ್ತು. ನೀಲಿ ಮೈ, ಕೆಂಪು ದಡಿ. ಪೆಟ್ಟಿಗೆಯಲ್ಲಿಟ್ಟರೆ ನುಸಿ ತಿನ್ನುತ್ತದೆ, ರೆಸಿನ್ ಕುಡಿದ ಬಟ್ಟೆಗೆ ಹುಳ ಬೀಳುವುದಿಲ್ಲ. ಅದಕ್ಕೇ ಮೇಸ್ತ್ರಿಗೆ ಕೊಟ್ಟು, ನನಗೊಂದು ಪೆನ್ನು ಮಾಡಿಕೊಡ್ರಿ ಅಂದೆ. ಮಾಡಿದ. ಚೆನ್ನಾಗಿಯೇ ಮಾಡಿದ, ಇಲ್ಲ ಅನ್ನುವುದಿಲ್ಲ. ಹೊಳೆಯ ನೀರಿನಂಥ ನೀಲಿಯಲ್ಲಿ ದಡಿಯ ಕೆಂಪು ಎಳೆ ತುದಿಯಿಂದ ತುದಿಗೆ ಓಡಿತ್ತು.

ನಿಬ್ ಮಾತ್ರ ಹಾಕಿರಲಿಲ್ಲ. ಅದು ಅವನ ಪದ್ಧತಿ. ತಗೊಳ್ಳುವವರ ಕೈಯಲ್ಲಿ ಬೇರೊಂದು ಪೆನ್ನಿನಿಂದ ಹೆಸರು ಬರೆಸಿ, ಕೈ ಒತ್ತುತ್ತದೋ ಓರೆಯಾಗುತ್ತದೋ ನೋಡಿ, ನಿಬ್ಬನ್ನು ಅದಕ್ಕೆ ತಕ್ಕ ಹಾಗೆ ಕಲ್ಲಿಗೆ ಉಜ್ಜಿ ಆಮೇಲೆ ಕೂರಿಸುತ್ತಿದ್ದ. ಅವತ್ತು ಅಂಗಡಿಯಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು, ಬ್ಯಾಂಕಿನವರು ಇಬ್ಬರು ಕೂತಿದ್ದರು. ಮೇಸ್ತ್ರಿ ನನ್ನ ಮುಂದೆ ಹಾಳೆ ಸರಿಸಿದ.

“ಹೆಸರು ಬರೀಬೇ.”

“ನನಗ ಬರಂಗಿಲ್ಲ. ನಿಮಗ ಗೊತ್ತೈತಲ್ರಿ.”

“ಅರೆ, ಹೌದಲ್ಲ! ಹೆಬ್ಬೆಟ್ಟಿಗೆ ನಿಬ್ ಹೆಂಗ ಕುಂದ್ರಸಲಿ?”

ಮೂವರೂ ನಕ್ಕರು. ಅವರ ಜೊತೆ ಅವನೂ ನಕ್ಕ.

“ಟೆರಿಕಾಟ್ ತಿಳೀಲಾರದ ಕೈಗೆ ನನ್ನ ಹೆಬ್ಬೆಟ್ಟಿನ ಉಸಾಬರಿ ಯಾಕ್ರಿ?” ಎಂದು ಪೆನ್ನು ಅಲ್ಲೇ ಬಿಟ್ಟು, ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ. ಅಲ್ಲಿಗೆ ಅವನಿಗೆ ಬಟ್ಟೆ ಒಯ್ಯುವುದು ನಿಂತಿತು.

ತಿಂಗಳಾದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದ. ಸಂಡೂರು ಬಸ್ಸಿಗೆ ಕಾಯುತ್ತ ಕೂತಿದ್ದೆ. ಕರವಸ್ತ್ರದಲ್ಲಿ ಸುತ್ತಿದ ಪೆನ್ನು ತೆಗೆದ.

“ಹೆಸರು ಬ್ಯಾಡಬೇ. ಬರೇ ಒಂದು ಗೆರಿ ಎಳಿ. ಕೈ ಹೆಂಗ ಒತ್ತತೈತಿ ತಿಳಿದ್ರ ಸಾಕು.”

“ಅವತ್ತು ಗೆರಿ ಸಾಕಾಗ್ತಿದ್ದಿಲ್ಲೇನ್ರಿ?”

ಅವನು ಪೆನ್ನನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದ. ನಗೆಯಾಡಿದ್ದು ಮೂರು ಮಂದಿಯ ಮುಂದೆ, ಸಮಾಧಾನ ಮಾಡಲು ಬಂದದ್ದು ಒಬ್ಬನೇ. ನನ್ನ ಸಿಟ್ಟು ಇಳಿಯದೆ ಹೋದದ್ದು ಅದಕ್ಕೇ.

“ಹೆಸರು ಬರಿಯೋದು ಕಲ್ತ ಮ್ಯಾಲ ಒಯ್ತೀನಿ. ಅಲ್ಲೀತನಕ ನಿಮ್ಮ ಹಂತ್ಯಾಕ ಇರ್ಲಿ,” ಎಂದು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಕೆಮ್ಮುತ್ತ ನಿಂತಿದ್ದ…

ಹಠಕ್ಕೇ ಕಲಿತೆ. ಹೊಸಪೇಟೆ, ಕಂಪ್ಲಿ, ಸಂಡೂರು ಎಂದು ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಗುರುತು ಹಿಡಿದೆ. ಹೆಂಗಸರ ಸಂಘದ ಲೆಕ್ಕದ ಪುಸ್ತಕ ಬರೆಯುವವಳ ಪಕ್ಕ ಕೂತು ಅಕ್ಷರ ತಿದ್ದಿದೆ. ಒಂದೂವರೆ ವರ್ಷ ಹಿಡಿಯಿತು. ಈ ನಡುವೆ ಮೇಸ್ತ್ರಿಯ ಪೆನ್ನುಗಳು ಸೀಳು ಬಿಡುತ್ತಿವೆ ಎಂದು ಯಾರೋ ಹೇಳಿದರು. ಖುಷಿಪಟ್ಟೆ.

ಹೆಸರು ಕೈಗೆ ಕೂತ ಮೇಲೆ ಹೋದೆ. ಅಂಗಡಿಯ ಶೆಟರ್ ಇಳಿದಿತ್ತು. ಹಿಂದಿನ ಮನೆಯಿಂದ ಅವನ ಹೆಂಡತಿ ಹೊರಗೆ ಬಂದಳು.

“ಮಳಿಗಾಲದಾಗ ಹೋದ್ರವ್ವಾ. ಎದಿ ಕೆಟ್ಟಿತ್ತು.”

ಲೇತನ್ನೂ ಉಳಿದ ಪೆನ್ನುಗಳನ್ನೂ ಹೊರಗಿನ ಊರಿನವನ್ಯಾರೋ ಬಂದು ಒಯ್ದಿದ್ದ.

“ನಿಬ್ ಇಲ್ಲದ್ದು ಒಂದು ನೀಲೀದು ಇತ್ತಲ್ರಿ?”

“ಇತ್ತವ್ವಾ. ಯಾರು ಕೇಳಿದ್ರೂ ಕೊಡತಿದ್ದಿಲ್ಲ. ಬಟ್ಟಿಯಾಕಿ ಬರತಾಳ, ಬರತಾಳ ಅಂತಿದ್ರು. ಯಾ ಬಟ್ಟಿಯಾಕಿ? ಏನು ಹೆಸರು? ಅವರಿಗೇ ಗೊತ್ತಿದ್ದಿಲ್ಲ. ನಾನು ಎಲ್ಲಿ ಅಂತ ಹುಡುಕಲಿ? ಡಬ್ಬಿ ಸಮೇತ ಹೋತು.”

ಅಷ್ಟು ವರ್ಷ ನನ್ನ ಬೆರಳು ನಂಬಿ ಕೆಲಸ ಮಾಡಿದವನು, ಹೆಸರು ಬರಿ ಎಂದು ಹಾಳೆ ಸರಿಸಿದವನು, ನಿನ್ನ ಹೆಸರೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಅವ್ವನ ಸೀರೆ ಇವತ್ತು ನನ್ನ ಹತ್ತಿರ ಇರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾನು ಒಂದು ಗೆರೆ ಎಳೆದಿದ್ದರೂ ಇರುತ್ತಿತ್ತು. ಅದೂ ನನಗೆ ಗೊತ್ತು.

“ಘಾಟು ಕುಡಕೋತ ಯಾಕ ಕುಂತಿಬೇ? ಆಕಡಿ ಸರಿ,” ಎಂದ ಹರಿಗೋಲಿನವನು. ಅವನು ಹಚ್ಚುತ್ತಿದ್ದ ಬಟ್ಟೆಯನ್ನು ಮುಟ್ಟಿ ನೋಡಿದೆ. ನೂಲಲ್ಲ, ಗಾಜಿನ ಎಳೆ. ಬೆರಳಿಗೆ ಚುಚ್ಚಿತು. ಎದ್ದು ಬಂದೆ.

ಆ ನೀಲಿ ಪೆನ್ನು ಈಗ ಯಾರ ಕಿಸೆಯಲ್ಲಿದೆಯೋ, ಅದಕ್ಕೆ ಯಾರ ಕೈಯಳತೆಯ ನಿಬ್ ಕೂತಿದೆಯೋ… ಇದನ್ನು ನಾನು ಅಂಗಡಿಯ ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಬರೆದದ್ದು ಕೆಳಗಿನ ಎರಡು ಹಾಳೆಯಲ್ಲೂ ಅಚ್ಚು ಒತ್ತಿದೆ. ನನ್ನ ಕೈ ಭಾಳ ಒತ್ತುತ್ತದೆ. ಮೇಸ್ತ್ರಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ.