ಅಪ್ಪನ ಡಬ್ಬಿಯ ಬೆಳ್ಳಿ ರೂಪಾಯಿ

ಕೆಂಪರಾಜು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವವನು. ಕೆಟ್ಟ ಮಾಲು ಯಾರ ಕೈಯಲ್ಲಿ ಕೆಟ್ಟಿತು ಎಂದು ಹಿಡಿದು ನಿಲ್ಲಿಸುವುದೇ ಅವನ ಉದ್ಯೋಗ. ಆ ಬುದ್ಧಿಯನ್ನು ಗೇಟಿನಲ್ಲೇ ಬಿಟ್ಟು ಬರಬಹುದಿತ್ತು. ಪುಣ್ಯಾತ್ಮ ಮನೆಗೂ ತರುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾದರೂ ಅವನಿಗೊಬ್ಬ ತಪ್ಪಿತಸ್ಥ ಬೇಕು.

ಅವನಪ್ಪ ಚೆಲುವಯ್ಯ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ ಎದುರು ಟೀ ಅಂಗಡಿ ಇಟ್ಟಿದ್ದವರು. ರೈತರ ಹತ್ತಿರ ಹಳೇ ನಾಣ್ಯ ಕಂಡರೆ ಟೀ ಕುಡಿಸಿ ಇಸಿದುಕೊಳ್ಳುತ್ತಿದ್ದರು. ತೂತು ಕಾಸು, ಆನೆ ಕಾಸು, ಒಂದೇ ಒಂದು ಬೆಳ್ಳಿ ರೂಪಾಯಿ, ಎಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡವಳು ಮಗಳು ಮುನಿಯಮ್ಮ. ಪ್ರಾಣ ಹೋದದ್ದೂ ಅವಳ ಮನೆಯಲ್ಲೇ.

ವರ್ಷದ ತಿಥಿ ಮುಗಿದ ಮೇಲೆ ಅಕ್ಕ ತಮ್ಮ ಡಬ್ಬಿ ಹಂಚಿಕೊಳ್ಳಲು ಕೂತರು. ಬೆಲೆ ಹೇಳಲು ಹಳೇ ನಾಣ್ಯದ ವ್ಯಾಪಾರಿ ವೆಂಕಟಯ್ಯ ಬಂದಿದ್ದರು. ಅವರು ತಾಮ್ರದವನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಗುಡ್ಡೆ ಹಾಕಿ, ಡಬ್ಬಿ ಬೋರಲು ಹಾಕಿ ನೋಡಿದರು.

"ಇವೆಲ್ಲ ಸಾಮಾನ್ಯದ್ದೇ. ಆ ಬೆಳ್ಳಿ ರೂಪಾಯಿ ಎಲ್ಲೈತೆ? ನಿಮ್ಮಪ್ಪ ತೋರ್ಸಿದ್ರು. ಆ ಇಸವೀದು ಸಿಗಾದೇ ಅಪರೂಪ."

ಕೆಂಪರಾಜು ಯೋಚನೆಗೆ ಪುರುಸೊತ್ತು ಕೊಡಲಿಲ್ಲ. ಸೀದಾ ಅಕ್ಕನ ಕಡೆ ತಿರುಗಿದ. "ಡಬ್ಬಿ ನಿನ್ ಮನೇಲೇ ಇತ್ತಲ್ಲಕ್ಕ. ನಿನ್ ಮಗಳ ಮದ್ವೆಗೆ ಬೆಳ್ಳಿ ದೀಪ ಮಾಡಿಸ್ದ್ಯಲ್ಲ, ಅದಕ್ಕೇನಾರ ಕರಗಿಸ್ಬುಟ್ಯಾ?"

ಹೊರಗಿನವರ ಮುಂದೆ, ಹೆತ್ತಪ್ಪನ ಗೂ ಉಚ್ಚೆ ಬಾಚಿದವಳಿಗೆ ಆಡಿದ ಮಾತಿದು. ಮುನಿಯಮ್ಮನಿಗೆ ಸಿಟ್ಟೂ ಬರಲಿಲ್ಲ. ಬೆಪ್ಪಾಗಿ ನೋಡಿದಳು.

"ಏನ್ ರಾಜು ಹಿಂಗಂತೀಯ? ಅಪ್ಪನ್ನ ಎತ್ತೋ ಹೊತ್ನಲ್ಲಿ ಹಣೆಗೆ ಅಂಟ್ಸಕೆ ಒಂದ್ ರೂಪಾಯಿ ಕೇಳುದ್ರೆ ಯಾರ್ ಜೋಬಲ್ಲೂ ಇರ್ನಿಲ್ಲ, ಎಲ್ರುದೂ ಫೋನಲ್ಲೇ ದುಡ್ಡು. ನೀನೇ ಅಲ್ವಾ ಒಳಕ್ಕೋಗಿ ಡಬ್ಬಿಯಿಂದ ತಂದ್ಕೊಟ್ಟಿದ್ದು?"

ಅವನಿಗೆ ಆಗ ನೆನಪಾಯಿತು. ಅಳುತ್ತಾ ಡಬ್ಬಿಗೆ ಕೈ ಹಾಕಿದ್ದು, ದುಂಡಗೆ ದೊಡ್ಡದೊಂದು ಸಿಕ್ಕಿದ್ದು. ಅದು ಹಣೆಯ ಮೇಲಿದ್ದಂತೆಯೇ ಅಪ್ಪನನ್ನು ಮಣ್ಣು ಮಾಡಿದ್ದರು.

"ಅಪ್ಪಂಗೆ ಇಷ್ಟವಾದದ್ನೇ ಹುಡುಕಿ ಇಕ್ದ ನನ್ ತಮ್ಮ ಅಂತ ಊರಿಗೆಲ್ಲಾ ಹೇಳ್ಕಂಡು ತಿರುಗಿವ್ನಿ" ಎಂದಳು ಅಕ್ಕ.

ಕೆಂಪರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವೆಂಕಟಯ್ಯ ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರು ಮರೆಯಾದ ಮೇಲೆ ಕೆಂಪರಾಜು ತಲೆ ಬಗ್ಗಿಸಿಕೊಂಡೇ ಹೇಳಿದ: "ನಾನು ನೋಡ್ನಿಲ್ಲ ಅಕ್ಕ. ಕೈಗೆ ಸಿಕ್ಕಿದ್ನ ತಂದ್ಕೊಟ್ಟೆ."

ಕಳ್ಳಿ ಅನ್ನಿಸಿಕೊಂಡದ್ದನ್ನು ಅವಳು ಎತ್ತಲೇ ಇಲ್ಲ. "ಹೋಗ್ಲಿ ಬುಡು. ನೋಡ್ದಲೆ ತಂದಿದ್ದು ಅಂತ ಇನ್ಯಾರ್ಗೂ ಯೋಳ್ಬ್ಯಾಡ" ಎಂದು ನಾಣ್ಯಗಳನ್ನು ಡಬ್ಬಿಗೆ ತುಂಬತೊಡಗಿದಳು.

ಈಗಲೂ ಮಾರ್ಕೆಟ್ ಹತ್ತಿರ ಯಾರಾದರೂ ಹಿರಿಯರು, "ಮಗ ಅಂದ್ರೆ ನಿನ್ನಂಗಿರ್ಬೇಕು ಕಣ್ಲಾ" ಎಂದು ಅವನ ಬೆನ್ನು ತಟ್ಟುತ್ತಾರೆ. ಅಕ್ಕನ ಮಾತು ಮೀರುವಂತಿಲ್ಲ. ಕೆಂಪರಾಜು ಹೂಂ ಅನ್ನುತ್ತಾನೆ.